ಜಾಕಿಪ್ ತೋಡಿದ ಬಾವಿ

ನನ್ನ ಗಂಡ ಜಾಕಿಪ್ ಬಾವಿ ತೋಡುವವರು. ಶಗಾನ್ ಹೊಳೆಯ ಆಚೀಚೆ ಬಯಲಲ್ಲಿ ಕುರಿ ಕುಡಿಯುವ ಬಾವಿಗಳೆಲ್ಲ ಹೆಚ್ಚುಕಡಿಮೆ ಅವರ ಗುದ್ದಲಿಯವೇ. ಹೊಸ ನೀರು ಬಂದರೆ ತೋಡಿದವರು ಮೊದಲ ಬಟ್ಟಲು ಕುಡಿಯಬೇಕು; ಆಮೇಲೆ ಕುದುರೆ, ಕುರಿ, ಮಂದಿ. ನೀರು ಕೆಟ್ಟದಾದರೆ ಮೊದಲು ಅವರ ಹೊಟ್ಟೆಗೇ ತಿಳಿಯಲಿ ಎಂದು ಹಿರಿಯರು ಮಾಡಿಟ್ಟ ಕಟ್ಟಳೆ.

ಆ ಚಳಿಗಾಲ ಸರ್ಕಾರದವರು ಹೊಳೆಯ ಪಾತ್ರದಲ್ಲಿ ಅಣುಬಾಂಬು ಹೂತರು. ಯುದ್ಧಕ್ಕಲ್ಲ, ನಿಮಗೆ ಕೆರೆ ತೋಡಲು ಎಂದರು. ನೆಲ ಎದ್ದು ನಿಂತಿತು. ಸಂಜೆಯೊಳಗೆ ನಮ್ಮ ಹಿಮದ ಮೇಲೆಲ್ಲ ಬೂದುಬಣ್ಣದ ಧೂಳು. ಕುದುರೆಗಳು ಅಡಿಯ ಹುಲ್ಲಿಗಾಗಿ ಗೊರಸಿನಿಂದ ಅದನ್ನು ಕೆದರಿದವು, ಅವುಗಳ ಹಿಂದೆ ಕುರಿಗಳು ಮೇಯ್ದವು. ನಾನು ಅದೇ ಹಿಮ ಕರಗಿಸಿ ಚಹಾ ಕಾಯಿಸಿದೆ. ಬೇರೆ ಹಿಮ ಇರಲಿಲ್ಲ.

ವಸಂತದಲ್ಲಿ ಬಾಂಬು ತೋಡಿದ ಗುಂಡಿಗೆ ಹೊಳೆಯ ನೀರು ತುಂಬಿ ಕೆರೆಯಾಯಿತು. ಯಾರೂ ಕುರಿ ಇಳಿಸಲಿಲ್ಲ. ಸಾಹೇಬನೊಬ್ಬ ವಿಚಾರಿಸಲು ಬಂದ.

"ಯಾಕೆ, ನಿಮ್ಮ ಕುರಿಗಳಿಗೆ ನಮ್ಮ ನೀರು ಹಿಡಿಸಲ್ವಾ?"

"ತೋಡಿದೋರು ಇನ್ನೂ ಕುಡಿದಿಲ್ವಲ್ಲ ಸಾಹೇಬ್ರೆ," ಎಂದ ನೆರೆಯ ಬೈಸಲ್. "ನೀವೇ ಒಂದು ಬಟ್ಟಲು ಕುಡೀರಿ."

"ನನಗೆ ಇವತ್ತು ಹೊಟ್ಟೆ ಸರಿಯಿಲ್ಲ."

"ನೀರು ಮುಟ್ಟೋ ಮುಂಚೇನೇ ಕೆಡ್ತಾ?"

ಎಲ್ಲರೂ ನಕ್ಕರು. ಜಾಕಿಪ್ ನಗಲಿಲ್ಲ. ಆ ವರ್ಷ ಬಾವಿಗಳು ತಳ ಕಂಡಿದ್ದವು, ಬೇಸಿಗೆ ಮುಂದಿತ್ತು. ಅವರು ಬಟ್ಟಲು ಕೇಳಿದರು.

"ಬೇಡ," ಎಂದೆ. "ತೋಡಿದೋರು ನೀವಲ್ಲ. ನಿಮಗ್ಯಾಕೆ?"

"ಈ ಬಯಲಲ್ಲಿ ನೀರಿನ ಕೆಲಸ ಇನ್ಯಾರದು? ಸುಮ್ನಿರೇ. ಯಾರು ಅಗೆದರೇನು, ನೀರು ನೀರೇ."

ಕುಡಿದು ಬಾಯಿ ಒರೆಸಿಕೊಂಡರು. "ಸಿಹಿಯಾಗಿದೆ." ಕುರಿಗಳು ಇಳಿದವು.

ಮುಂದಿನ ಚಳಿಗಾಲಕ್ಕೆ ಅವರ ವಸಡಿನಲ್ಲಿ ರಕ್ತ, ದಿಂಬಿನ ಮೇಲೆ ಕೂದಲು. ಬಟ್ಟಲಿನಿಂದಲೋ, ಧೂಳಿನಿಂದಲೋ, ನನ್ನ ಚಹಾದಿಂದಲೋ, ಯಾವ ವೈದ್ಯರೂ ಹೇಳಲಿಲ್ಲ. ಆಮೇಲೆ ಬಾಂಬಿನ ವಿಷ ಅಳೆಯಲು ಕಿಟಿಕಿಟಿ ಎನ್ನುವ ಪೆಟ್ಟಿಗೆ ಹಿಡಿದವರು ಬಂದರು. ನಮ್ಮ ಮನೆಯ ಬಾವಿಯ ಮೇಲೆ ಅದು ಅರಚಿತು. ಹಿಮ ಕರಗಿದಾಗ ಧೂಳೆಲ್ಲ ಒಳಗೆ ಇಳಿದಿತ್ತು. ಬಾವಿಗೆ ಸಿಮೆಂಟಿನ ಮುಚ್ಚಳ ಬಿತ್ತು. ಕೆರೆ ಹಾಗೇ ಉಳಿಯಿತು.

"ಅದನ್ನೂ ಮುಚ್ಚಿ," ಎಂದೆ.

"ಅದು ಸರ್ಕಾರದ ಸಾಧನೆ, ಅಮ್ಮ. ಮುಚ್ಚೋಕಾಗುತ್ತಾ?"

ಜಾಕಿಪ್ ತೀರಿಕೊಂಡ ಬೆಳಿಗ್ಗೆ, ಮೈ ತೊಳೆಯಲೆಂದು ಬೈಸಲ್ ಕೆರೆಯಿಂದ ಎರಡು ಬಕೆಟ್ ನೀರು ತಂದಿಟ್ಟ. ಎರಡನ್ನೂ ಅಂಗಳಕ್ಕೆ ಚೆಲ್ಲಿದೆ.

"ಅತ್ತಿಗೆ, ಬೇರೆ ಎಲ್ಲಿದೆ ನೀರು?"

"ಹಾರೆ ತಾ."

ಮುಚ್ಚಳ ಒಡೆದು ಬಾವಿಯಿಂದ ಸೇದಿದೆ. ಅದರಲ್ಲೂ ಅದೇ ಧೂಳು, ಗೊತ್ತಿತ್ತು. ಆದರೆ ಆ ಬಾವಿಯನ್ನು ತೋಡಿದವರು ಅವರು.