ಹಿತ್ತಾಳೆಯ ಚುಕ್ಕೆ

ಐವತ್ತೆಂಟು ತುಂಬಿದರೂ ಆ ಬೀದಿಗೆ ಅವನು ಚಿಕ್ಕ ಮೇಸ್ತ್ರಿಯೇ. ದೊಡ್ಡ ಮೇಸ್ತ್ರಿ ಅವನ ಅಣ್ಣ. ಅಣ್ಣ ಜೀವಮಾನದಲ್ಲಿ ಲೋಹ ಕಡೆಯುವ ಲೇತ್ ಮುಟ್ಟಿದವನಲ್ಲ. ವರ್ಕ್‌ಶಾಪಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಗಿರಾಕಿಗಳ ಜೊತೆ ಮಾತಾಡುವುದು ಅವನ ಕೆಲಸ. ತಮ್ಮನ ಜಾಗ ಒಳಗೆ, ಉಕ್ಕಿನ ಸುರುಳಿ ಸಿಪ್ಪೆಗಳ ನಡುವೆ. "ಗಾದೇನ ಪಾಲು ಮಾಡ್ಕೊಂಡಿದಾರೆ ಇವರು. ಕೆಸರಿನ ಕೈ ತಮ್ಮಂದು, ಮೊಸರಿನ ಬಾಯಿ ಅಣ್ಣಂದು" ಎಂದು ಎದುರಿನ ವೆಲ್ಡಿಂಗಿನವನು ನಗುತ್ತಿದ್ದ. ಚಿಕ್ಕ ಮೇಸ್ತ್ರಿಯೂ ನಗುತ್ತಿದ್ದ.

ಒಂದು ಬೆಳಿಗ್ಗೆ ವಕೀಲರು ಬಂದರು. ಅವರ ಬಳಿ ಒಂದು ಹಳೆಯ ಕಾರು. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕರವಸ್ತ್ರ ಬಿಚ್ಚಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಹಲ್ಲುಚಕ್ರವನ್ನು ಮೇಜಿನ ಮೇಲಿಟ್ಟರು. ಎಂಜಿನ್ನಿನ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಚಕ್ರ. ಅದು ತಪ್ಪಿ ತಿರುಗಿದರೆ ಕಿಡಿ ಹೊತ್ತಿಗೆ ಸರಿಯಾಗಿ ಹಾರುವುದಿಲ್ಲ, ಗಾಡಿ ಕೆಮ್ಮುತ್ತದೆ.

"ಹಲ್ಲು ಸವೆದುಹೋಗಿದೆ. ಎಲ್ಲಿ ಹುಡುಕಿದ್ರೂ ಇನ್ನೊಂದಿಲ್ಲ. ಇದೇ ಥರ ಮಾಡಿಕೊಡಬೇಕು."

ಚಿಕ್ಕ ಮೇಸ್ತ್ರಿ ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಚಕ್ರದ ಕೊರಳಿನ ಮೇಲಿನ ಎಣ್ಣೆ ಕೊಳೆಯನ್ನು ಹೆಬ್ಬೆರಳಿನಿಂದ ಒರೆಸಿದ. ಚಕ್ರವನ್ನು ದಂಡಕ್ಕೆ ಕಚ್ಚಿಸುವ ಪಿನ್ನಿನ ತೂತಿನ ಪಕ್ಕದಲ್ಲಿ ಸಾಸಿವೆಯಷ್ಟು ಹಿತ್ತಾಳೆ ಹೊಳೆಯಿತು.

ಅವನ ಬೆರಳು ನಿಂತಿತು. ಮೂವತ್ತೆರಡು ವರ್ಷಗಳ ಹಿಂದೆ, ನಕ್ಷೆ ಇಲ್ಲದೆ, ಮುರಿದ ತುಂಡೊಂದನ್ನು ನೋಡಿಕೊಂಡು, ಹತ್ತೊಂಬತ್ತು ದಿನ ಕೂತು ಅವನೇ ಕಡೆದ ಚಕ್ರ ಅದು. ಕೊನೆಯ ದಿನ ಕೈ ಕೊಂಚ ಜಾರಿ ತೂತು ತಪ್ಪಿತ್ತು. ಎಸೆಯಲು ಮನಸ್ಸಾಗದೆ ಹಿತ್ತಾಳೆಯಿಂದ ಮುಚ್ಚಿ, ಉಜ್ಜಿ, ಪಕ್ಕದಲ್ಲಿ ಸರಿಯಾಗಿ ಕೊರೆದಿದ್ದ. "ಲೇತ್ ಮಾಲು ಅಂದ್ರೆ ಮೂಗು ಮುರೀತಾರೆ ಕಣೋ" ಎಂದು ಅಣ್ಣ ಅದನ್ನು ಗ್ರೀಸ್ ಕಾಗದದಲ್ಲಿ ಸುತ್ತಿ, ಹಡಗಿನಲ್ಲಿ ಬಂದ ಕಂಪನಿ ಮಾಲು ಎಂದು ಇದೇ ವಕೀಲರಿಗೆ ಕೊಟ್ಟಿದ್ದ.

"ಆ ಹಿತ್ತಾಳೆ ಚುಕ್ಕೆ ಮರೀಬೇಡಿ" ಎಂದರು ವಕೀಲರು. "ಅದು ಕಿಡಿಯ ಹೊತ್ತು ಹೊಂದಿಸೋಕೆ ಕಂಪನಿ ಹಾಕಿದ ಟೈಮಿಂಗ್ ಗುರುತು. ನಮ್ಮ ಹಳೇ ಕಾರುಗಳ ಸಂಘದ ಪುಸ್ತಕದಲ್ಲಿ ಫೋಟೋ ಹಾಕಿ ಬರೆದಿದೀನಿ."

"ಗುರುತಲ್ಲ ಸಾರ್. ನನ್ನ ತಪ್ಪು ಅದು. ತೂತು ತಪ್ಪಿತು, ಮುಚ್ಚಿದೆ. ಈ ಚಕ್ರ ಮಾಡಿದ್ದು ನಾನು."

ವಕೀಲರು ನಕ್ಕರು, ನಗೆಯಲ್ಲಿ ಕೆಡುಕೇನೂ ಇರಲಿಲ್ಲ. "ಒಳ್ಳೇ ತಮಾಷೆ. ಮೂವತ್ತು ವರ್ಷ ತಿರುಗಿದೆ ಇದು! ಇಂಥ ಕೈಕೆಲಸ ಇಲ್ಲೆಲ್ಲಿ ಬರಬೇಕು? ಏನು ದೊಡ್ಡ ಮೇಸ್ತ್ರಿ, ಹೊರದೇಶದಿಂದ ತರಿಸಿಕೊಟ್ಟಿದ್ದು ನೀವೇ ಅಲ್ವಾ?"

ಚಿಕ್ಕ ಮೇಸ್ತ್ರಿ ಅಣ್ಣನನ್ನು ನೋಡಿದ. ಲೋಕದಲ್ಲಿ ಅವನಿಗಿದ್ದದ್ದು ಅದೊಂದೇ ಸಾಕ್ಷಿ. ಒಂದು ಮಾತು ಸಾಕಿತ್ತು.

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ಇವನಿಗೆ ಈಗೀಗ ಸ್ವಲ್ಪ ಮರೆವು, ಸಾರ್. ಎಷ್ಟೋ ಚಕ್ರ ಕಡೆದಿದಾನೆ. ಯಾವುದರ ಜೊತೆಗೋ ಕಲಸಿಕೊಂಡಿದಾನೆ."

ವಕೀಲರು ಹೋದ ಮೇಲೆ ಚಿಕ್ಕ ಮೇಸ್ತ್ರಿ ಮೇಜಿನ ಮುಂದೆ ಬಂದು ನಿಂತ. "ನನಗೆ ಮರೆವಾ, ಅಣ್ಣ?"

"ಮತ್ತೇನು ಮಾಡ್ಲಿ? ಈ ವಯಸ್ಸಲ್ಲಿ ಅವರ ಮುಂದೆ ಸುಳ್ಳ ಅನ್ನಿಸ್ಕೊಳ್ಲಾ? ಮಾಡಿದ್ದು ನೀನು ಅಂತ ನನಗೆ ಗೊತ್ತಲ್ಲ, ಬಿಡು."

"ನಿನಗೆ ಗೊತ್ತಿದ್ದು ಯಾರಿಗೆ ಬೇಕಿತ್ತು?"

ಅವನು ಒಳಗೆ ಹೋದ. ಕೆಲಸ ಬೇಡ ಎನ್ನಬಹುದಿತ್ತು. ಆದರೆ ಕೈ ಕೇಳಲಿಲ್ಲ. ಹನ್ನೆರಡು ದಿನ ಉಕ್ಕು ಕಡೆದ. ಕಣ್ಣಿಗೆ ಎರಡೆರಡು ಮಸೂರ ಬೇಕಾದವು, ಬೆನ್ನು ಸಂಜೆಗೆ ಸೆಟೆದುಕೊಳ್ಳುತ್ತಿತ್ತು. ಹಲ್ಲುಗಳು ಮಾತ್ರ ಒಂದೊಂದೂ ಹಿಂದಿನದಕ್ಕಿಂತ ನಯವಾಗಿ ಬಂದವು. ಪಿನ್ನಿನ ತೂತು ಮೊದಲ ಏಟಿಗೇ ಸರಿಯಾಗಿ ಕೂತಿತು.

ಉಳಿದದ್ದು ವಕೀಲರು ಕೇಳಿದ ಚುಕ್ಕೆ, ಅಂದರೆ ಹಿತ್ತಾಳೆ ತುಂಬಲು ಆ ತಪ್ಪು ತೂತು. ಆಗ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿತ್ತು. ಈಗ ಅದನ್ನು ಕ್ಯಾಲಿಪರ್ ಹಿಡಿದು ಅಳೆಯಬೇಕಾಯಿತು, ಮೂರು ಸಲ. ಸರಿಯಾದ ಜಾಗಕ್ಕೆ ತಾನಾಗಿ ಹೋಗಿ ನಿಲ್ಲುವ ಕೈಯನ್ನು ಆಚೆ ಎಳೆದು ಹಿಡಿಯಬೇಕಾಯಿತು.

ಅಣ್ಣ ಒಳಗೆ ಬಂದ. ಸಿಪ್ಪೆ ತುಳಿಯದಂತೆ ಎಚ್ಚರದಿಂದ ಹೆಜ್ಜೆಯಿಡುತ್ತಾ, ಅಪರಿಚಿತನ ಹಾಗೆ.

"ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೋ. ನಾಳೆ ನಾನೇ ಅವರ ಮನೆಗೆ ಹೋಗಿ ಹೇಳಿಬಿಡ್ತೀನಿ."

"ಬೇಡ."

"ಯಾಕೋ? ನಾನು ಹೇಳಿದ್ರೆ ನಂಬ್ತಾರೆ."

"ಅದಕ್ಕೇ ಬೇಡ" ಎಂದ ತಮ್ಮ. "ಚಕ್ರ ಕೈಯಲ್ಲೇ ಇತ್ತು, ಅದನ್ನ ನೋಡಿ ನಂಬಲಿಲ್ಲ. ನಾನು ಹೇಳಿದೆ, ನಂಬಲಿಲ್ಲ. ಇನ್ನು ನೀನು ಹೇಳಿದ್ಮೇಲೆ ನಂಬಿದ್ರೆ, ಮಾಡಿದ್ದು ನಾನು ಅನ್ನೋದನ್ನೂ ನೀನೇ ಕೊಟ್ಟ ಹಾಗೆ."

ಅವನು ಡ್ರಿಲ್ಲಿನ ಸ್ವಿಚ್ ಒತ್ತಿದ. ಅಣ್ಣನ ತುಟಿ ಇನ್ನೂ ಅಲ್ಲಾಡುತ್ತಿತ್ತು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ತಮ್ಮ ಅದನ್ನು ನಿಲ್ಲಿಸಲಿಲ್ಲ.