ಎತ್ತಿ ಕುಡಿಯುವ ವಿದ್ಯೆ

ನಾನು ಲೋಟ ಕಚ್ಚಿ ಕುಡಿಯುವವಳು. ಮೈಸೂರಿನ ನಮ್ಮ ಅತ್ತೆಯ ಮನೆಯಲ್ಲಿ ಇದು ಸಣ್ಣ ಅಪರಾಧವಲ್ಲ. ಅಲ್ಲಿ ನೀರಾಗಲಿ ಕಾಫಿಯಾಗಲಿ ಎತ್ತಿ ಕುಡಿಯಬೇಕು. ತುಟಿ ತಾಗಿತೋ, ಎಂಜಲು. ಮದುವೆಯಾದ ಹೊಸದರಲ್ಲಿ ಕಾಫಿ ಮೂಗಿಗೇರಿ ಮನೆಯವರೆಲ್ಲರ ಮುಂದೆ ಕೆಮ್ಮಿದ್ದೇನೆ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದಾಗ ನನಗೆ ಸಿಕ್ಕ ಮೊದಲ ಸ್ವಾತಂತ್ರ್ಯವೆಂದರೆ ಧೈರ್ಯವಾಗಿ ಮಗ್ ಕಚ್ಚಿ ಕುಡಿಯುವುದು.

ನಮ್ಮ ಹಳೆಯ ಲೋಟಗಳನ್ನು ನೋಡಿ, ಅವುಗಳ ಅಂಚು ಹೊರಕ್ಕೆ ಬಾಗಿರುತ್ತದೆ. ಎತ್ತಿ ಸುರಿದುಕೊಳ್ಳಲು ಹೇಳಿ ಮಾಡಿಸಿದ ಹಾಗೆ. ವೈನ್ ಗ್ಲಾಸಿನ ಬಾಯಿ ಒಳಕ್ಕೆ ಬಾಗಿರುತ್ತದೆ, ಪರಿಮಳ ಓಡಿಹೋಗದಿರಲಿ ಎಂದು. ಈ ಪಾಂಡಿತ್ಯವೆಲ್ಲ ನನಗೆ ಬಂದದ್ದು ಪರ್ತ್ ಪಕ್ಕದ ಸ್ವಾನ್ ವ್ಯಾಲಿಯ ರೋಸಾ ಆಂಟಿಯಿಂದ. ಅವರ ತಂದೆ ಇಟಲಿಯಿಂದ ಹಡಗಿನಲ್ಲಿ ಬಂದು ಹಾಕಿದ ದ್ರಾಕ್ಷಿ ತೋಟ ಅದು. ಇವತ್ತಿಗೂ ಮಗ ಟ್ರ್ಯಾಕ್ಟರ್ ಓಡಿಸುತ್ತಾನೆ, ಸೊಸೆ ಬಂದವರಿಗೆ ವೈನ್ ರುಚಿ ತೋರಿಸುತ್ತಾಳೆ, ಆಂಟಿ ಇಬ್ಬರನ್ನೂ ಗದರುತ್ತಾರೆ. ವಾರವೆಲ್ಲ ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ದುಡಿಯುವ ನಾನು ಒಂದು ಭಾನುವಾರ ದ್ರಾಕ್ಷಿ ಕೊಳ್ಳಲು ಹೋದವಳು, ಆ ಗದರಿಕೆ ಕೇಳಿ ಊರು ನೆನಪಾಗಿ ಅಲ್ಲೇ ಅಂಟಿಕೊಂಡೆ. ಅವರ ಶಿರಾಜ್ ವೈನಿನಲ್ಲಿ ಮೆಣಸಿದೆ, ಚರ್ಮದ ವಾಸನೆಯಿದೆ ಎಂದು ಬಲ್ಲವರು ಹೇಳುತ್ತಾರೆ. ನನ್ನ ನಾಲಿಗೆಗೆ ಸಿಕ್ಕಿದ್ದು ನೇರಳೆ ಹಣ್ಣು. ಹಾಗೆಂದು ಹೇಳಿದ ಮೇಲೆ ಆಂಟಿ ಗಿರಾಕಿಗಳ ಮುಂದೆಯೂ ಗಂಭೀರವಾಗಿ "ನೇರಳೆ" ಎನ್ನುತ್ತಾರೆ. ಕನ್ನಡಕ್ಕೆ ನನ್ನ ಸೇವೆ ಅಷ್ಟು.

ಆ ಮನೆಯಲ್ಲೊಂದು ಪದ್ಧತಿಯಿದೆ. ಕೊಯ್ಲು ಮುಗಿದ ದಿನ ಎಲ್ಲರೂ ತೋಟದಲ್ಲೇ ಊಟಕ್ಕೆ ಕೂರುತ್ತಾರೆ. ವೈನ್ ಬಾಟಲಿ ತೆರೆಯುವ ಮೊದಲು, ಅಂದೇ ಹಿಂಡಿದ ಕಪ್ಪು ದ್ರಾಕ್ಷಿಯ ರಸ ಒಂದು ಮಣ್ಣಿನ ಹೂಜಿಯಲ್ಲಿ ಕೈಯಿಂದ ಕೈಗೆ ಸುತ್ತುತ್ತದೆ. ಹೂಜಿ ಒಂದೇ. ಕುಡಿದವರು ಮನೆಯವರು.

ಈ ವರ್ಷ ಕೊಯ್ಲಿಗೆ ನನ್ನ ಮತ್ತು ಮಗಳ ಜೊತೆ, ಮೈಸೂರಿನಿಂದ ಬಂದಿದ್ದ ಅತ್ತೆಯೂ ಇದ್ದರು. ಅದು ಬರಿಯ ರಸ, ಹೆಂಡವಲ್ಲ ಎಂದು ಮೊದಲೇ ಹೇಳಿ ಒಪ್ಪಿಸಿದ್ದೆ. ಎಂಜಲಿನ ವಿಷಯ ಮಾತ್ರ ಮರೆತೇಹೋಗಿತ್ತು. ಮೇಜಿನ ಆ ತುದಿಯಲ್ಲಿ ಟ್ರ್ಯಾಕ್ಟರ್ ಮಗ ಹೂಜಿಯ ಮೂತಿಯನ್ನು ಬಾಯಿಗಿಟ್ಟಾಗ ನೆನಪಾಯಿತು. ಮಾವನವರ ಲೋಟದಲ್ಲೂ ಕುಡಿಯದ ಹೆಂಗಸು ನಮ್ಮತ್ತೆ. ಬೇಡವೆಂದರೆ, ಅವರನ್ನು ಪ್ರೀತಿಯಿಂದ ಪಕ್ಕದಲ್ಲೇ ಕೂರಿಸಿಕೊಂಡ ರೋಸಾ ಆಂಟಿಯ ಮುಖ ಏನಾಗಬೇಕು? ನಮ್ಮತ್ತೆಗೆ ಶುಗರ್ ಇದೆ ಎಂಬ ಸುಳ್ಳನ್ನು ನಾಲಿಗೆ ತುದಿಯಲ್ಲಿ ಸಿದ್ಧ ಮಾಡಿಕೊಂಡೆ.

ಅತ್ತೆ ಹೂಜಿ ತೆಗೆದುಕೊಂಡರು. ಒಂದು ಕ್ಷಣ ಮೂತಿಯನ್ನು ನೋಡಿದರು. ಆಮೇಲೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಹೂಜಿಯನ್ನು ಗೇಣುದ್ದ ಮೇಲೆತ್ತಿ ಗಟಗಟನೆ ಕುಡಿದರು. ತಿಳಿ ಹಳದಿ ಸೀರೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ರೋಸಾ ಆಂಟಿ ಎದ್ದು ನಿಂತರು. ಅವರ ಕಣ್ಣು ತುಂಬಿತ್ತು. ಅವರ ತಂದೆ ಬಳ್ಳಿಗಳ ಸಾಲಿನಲ್ಲಿ ನಿಂತು ಹೀಗೆಯೇ ಕುಡಿಯುತ್ತಿದ್ದರಂತೆ, ಕೊಯ್ಯುವವರಿಗೆಲ್ಲ ಒಂದೇ ಹೂಜಿ. ಅವರು ಹೋದ ಮೇಲೆ ಮನೆಯಲ್ಲಿ ಯಾರಿಗೂ ಆ ವಿದ್ಯೆ ಬರಲಿಲ್ಲ. ಇವರು ಯಾಕೆ ಹೀಗೆ ಕುಡಿಯುತ್ತಾರೆ ಎಂದು ಕೇಳಲು ನನಗೆ ಹೇಳಿದರು.

"ಇನ್ನೇನಮ್ಮ," ಎಂದರು ಅತ್ತೆ, ಹೂಜಿಯನ್ನು ನನ್ನ ಕೈಗಿಡುತ್ತಾ. "ಇಷ್ಟು ಜನಕ್ಕೆ ಇರೋದು ಒಂದೇ ಹೂಜಿ. ಪಕ್ಕದೋರಿಗೆ ಕೊಡ್ಬೇಕಲ್ವಾ?"

ಅತ್ತೆಯ ಮಡಿ ಜನರನ್ನು ದೂರವಿಡುವುದಕ್ಕೆ ಎಂದೇ ಇಷ್ಟು ವರ್ಷ ನಂಬಿದ್ದೆ. ಒಂದಿಷ್ಟು ಅದೂ ಇದ್ದೀತು. ಆದರೆ ಆ ಮಧ್ಯಾಹ್ನ ನನಗೆ ಅವರ ಬಗ್ಗೆ ಎಂಥ ಹೆಮ್ಮೆಯಾಯಿತೆಂದರೆ, ಸ್ವತಃ ನಾನೇ ಕುಡಿದು ತೋರಿಸಿದಷ್ಟು ಬೀಗಿದೆ. ಆ ಜಂಬದಲ್ಲೇ ಹೂಜಿಯನ್ನು ಮೇಲೆತ್ತಿದೆ.

ಅರ್ಧ ಮೂಗಿಗೆ ಹೋಯಿತು, ಅರ್ಧ ಬಿಳಿ ಕುರ್ತಾದ ಮೇಲೆ. ನನ್ನ ಮಗಳು ನಕ್ಕು ನಕ್ಕು ಮೇಜಿಗೆ ಒರಗಿದಳು. ಅತ್ತೆ ನನ್ನ ಬೆನ್ನು ತಟ್ಟುತ್ತಾ, ರೋಸಾ ಆಂಟಿಯ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಹೇಳಿದರು: "ಕಲೀತಾಳೆ ಬಿಡಿ, ಇನ್ನೂ ಚಿಕ್ಕೋಳು."

ಐವತ್ತು ದಾಟಿದ ನನ್ನನ್ನು ನೋಡಿ, ತಮ್ಮ ಸೊಸೆಯನ್ನೂ ಒಮ್ಮೆ ನೋಡಿ, ರೋಸಾ ಆಂಟಿ ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು.