ಮೊರದಲ್ಲಿ ಒಣಗಿದ ಗೊಬ್ಬರ

ಕೋಡಿಹಳ್ಳಿಯ ಆಚೆಗಿನ ನಮ್ಮೂರಲ್ಲಿ ನನಗೂ ನನ್ನ ವಾರಗಿತ್ತಿಗೂ ನಡುವೆ ಇದ್ದದ್ದು ಒಂದೇ ಬದು. ಪಾಲಾದಾಗ ಹಿಪ್ಪುನೇರಳೆ ತೋಟವನ್ನೂ ಸಮನಾಗಿ ಹಂಚಿದ್ದರು. ಮಣ್ಣು ಒಂದೇ, ಬೋರಿನ ನೀರು ಒಂದೇ. ಆದರೂ ಆ ವರ್ಷ ಅವಳ ಕಡೆಯ ಸೊಪ್ಪು ಕರ್ರಗೆ, ಅಗಲವಾಗಿ ಬಂತು. ನನ್ನದು ಕಾಮಾಲೆಯವರ ಮುಖದ ಹಾಗಿತ್ತು. ಬೆಳಿಗ್ಗೆ ಎದ್ದು ಅವಳ ತೋಟ ನೋಡಿದರೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಅವಳು ಮದುವೆಯಾಗಿ ಬಂದಾಗ ಸೊಪ್ಪು ಕೊಯ್ಯುವುದನ್ನು ಕಲಿಸಿದವಳೇ ನಾನು. ಈಗ ತರಬೇತಿಗೆ ಹೋಗಿ ಬಂದು, ಯಾವುದೋ ಕಪ್ಪು ಪುಡಿಯನ್ನು ಕೊಟ್ಟಿಗೆ ಗೊಬ್ಬರಕ್ಕೆ ಕಲಸಿ ಬುಡಕ್ಕೆ ಹಾಕುತ್ತಿದ್ದಳು.

"ಅದ್ರಲ್ಲಿ ಕಣ್ಣಿಗ್ ಕಾಣ್ದಿರೋ ಜೀವಾಣು ಅವೆ ಕಣಕ್ಕ. ಗಾಳಿಯಿಂದ ಸಾರ ಹಿಡ್ದು ಗಿಡಕ್ಕೆ ಕೊಡ್ತವೆ. ಯೂರಿಯಾ ಒಸಿ ಹಾಕುದ್ರೂ ಸಾಕು" ಎಂದಳು. ನಾನೇನು ಅವಳನ್ನು ಕೇಳಿರಲಿಲ್ಲ. ಕಲಿಸಿದವಳಿಗೇ ಪಾಠ!

ಅದೇ ಪುಡಿಯ ಪೊಟ್ಟಣವನ್ನು ಕನಕಪುರದಿಂದ ಗುಟ್ಟಾಗಿ ತರಿಸಿದೆ. ಬಿಚ್ಚಿದರೆ ಪುಡಿ ಹಸಿಹಸಿ. ತೂಕಕ್ಕೆಂದು ನೀರು ಚಿಮುಕಿಸಿದ್ದಾರೆ ಎಂದು ಬೈದುಕೊಂಡು, ಮೊರಕ್ಕೆ ಸುರಿದು ತಾರಸಿಯ ಮೇಲೆ ಹಪ್ಪಳದ ಪಕ್ಕ ಒಣಗಲು ಇಟ್ಟೆ. ಗರಗರ ಒಣಗಿದ ಮೇಲೆ ತೋಟಕ್ಕೆ ಹಾಕಿದೆ. ಅವಳು ಯೂರಿಯಾ ಕಡಿಮೆ ಮಾಡಿದರೆ ನಾನು ಪೂರಾ ನಿಲ್ಲಿಸಿದೆ. ಬರುವ ಸೊಪ್ಪನ್ನು ನಂಬಿ ಎಂದಿಗಿಂತ ಹೆಚ್ಚು ರೇಷ್ಮೆ ಹುಳ ಸಾಕಿದೆ.

ಹುಳ ಮೇವು ಬಿಟ್ಟು ಮಲಗುವ ನಾಲ್ಕನೇ ಜ್ವರ ಮುಗಿಸಿ, ಕೊನೆಯ ಪೊರೆ ಕಳಚಿ ಎದ್ದವು. ಇನ್ನು ಗೂಡು ಕಟ್ಟುವ ತನಕ ತಿನ್ನುವುದೊಂದೇ ಅವುಗಳ ಕೆಲಸ. ನನ್ನ ತೋಟದಲ್ಲಿ ಉಳಿದದ್ದು ಹಿಡಿ ಸೊಪ್ಪು. ಹುಳ ತಲೆಯೆತ್ತಿ ಕಾಯುತ್ತಿದ್ದವು. ಬೆಳೆ ಪೂರ್ತಿ ಕೈಬಿಡುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬದು ದಾಟಿದೆ.

ಪುಡಿಯ ಕತೆ ಕೇಳಿ ಅವಳು ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ ಅಕ್ಕಾ, ಬದುಕಿರೋವನ್ನ ಬಿಸ್ಲಲ್ಲಿ ಸಾಯಿಸ್ಬುಟ್ಯಲ್ಲಾ! ತೇವ ಇದ್ರೇ ಅವು ಉಳಿಯೋದು. ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಕ್ಕೆ ಬಾಯಿ ಬರ್ನಿಲ್ಲ ಕಣೆ" ಎಂದೆ.

ನಕ್ಕರೂ ತಾನೇ ಸೊಪ್ಪಿನ ಹೊರೆ ಹೊತ್ತು ತಂದು ಹುಳದ ತಟ್ಟೆಗಳಿಗೆ ಹರಡಿದಳು. ಒಂದು ತಟ್ಟೆಯಲ್ಲಿ ನನ್ನ ಎಲೆ ಇನ್ನೂ ಇತ್ತು. ನಾನು ಸಾಕಿದ ಹುಳಗಳು, ನನ್ನ ಕಣ್ಣೆದುರಿಗೇ, ಅದನ್ನು ಬಿಟ್ಟು ಅವಳ ಎಲೆಗೆ ಹತ್ತಿದವು.

ಬೆಳೆ ಉಳಿಯಿತು. ರಾಮನಗರದ ಮಾರುಕಟ್ಟೆಗೆ ಇಬ್ಬರೂ ಒಟ್ಟಿಗೆ ಹೋದೆವು. ನೂಲು ಬಿಚ್ಚುವವನೊಬ್ಬ ನನ್ನ ಗೂಡನ್ನು ಹಿಸುಕಿ ನೋಡಿ, "ಗಟ್ಟಿಯಾಗವೆ ಕಣಮ್ಮ, ಯಾವ ತೋಟದ ಸೊಪ್ಪು?" ಎಂದ.

"ನಮ್ಮ ಮನೇದೇ" ಎಂದುಬಿಟ್ಟೆ.

ಪಕ್ಕದಲ್ಲೇ ನಿಂತಿದ್ದ ಅವಳು ಸುಮ್ಮನಿದ್ದಳು. ಹೀಗೆ ಬಿಟ್ಟುಕೊಡುವುದೂ ಅವಳಿಗೆ ಬರುತ್ತದಲ್ಲ ಎಂದು ನನಗೆ ಇನ್ನಷ್ಟು ಉರಿಯಿತು.